ಗಗನಸಖಿ ಬಾರ್ಬರಾ ಜೇನ್ ಹ್ಯಾರಿಸನ್

ವಿಮಾನದಲ್ಲಿ ಪ್ರಯಾಣಿಕರ ಸೇವೆಗೆ ನಿಲ್ಲುವ ತರುಣಿಯನ್ನು ನಾವು ಕನ್ನಡದಲ್ಲಿ ಗಗನಸಖಿಯೆಂದು ಕರೆಯುತ್ತೇವೆ. ಯಂತ್ರಯುಗದ ಹೊಸ ವೃತ್ತಿಗಳಿಗೆ ನಮ್ಮ ಭಾಷೆ ಕಟ್ಟಿಕೊಂಡ ಪದಗಳಲ್ಲಿ ಇಷ್ಟು ಇಂಪಾದವು ಹೆಚ್ಚಿಲ್ಲ. ಆದರೆ ಈ ಇಂಪೇ ಒಂದು ಸತ್ಯವನ್ನು ಮರೆಸುತ್ತಿದೆಯೇನೋ ಎಂಬ ಅನುಮಾನ ನನಗೆ ಬಹುಕಾಲದಿಂದ ಇದೆ. ಸಖಿಯೆಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ನೆನಪಾಗುವವರು ಶಾಕುಂತಲದ ಅನಸೂಯೆ, ಪ್ರಿಯಂವದೆಯರು. ಜ್ವರದಿಂದ ಬಳಲುವ ಶಕುಂತಲೆಗೆ ಲಾವಂಚವನ್ನು ಅರೆದು ಹಚ್ಚುವವರು ಅವರು. ತಾವರೆಯೆಲೆಯಿಂದ ಗಾಳಿ ಬೀಸುವವರು ಅವರು. ಅವರಿಗೇ ಜ್ವರ ಬಂದರೆ ಯಾರು ಗಾಳಿ ಬೀಸಿದರು? ನಾಟಕದಲ್ಲಿ ಆ ಪ್ರಶ್ನೆಗೆ ಎಡೆಯಿಲ್ಲ. ಶಕುಂತಲೆ ಆಶ್ರಮವನ್ನು ಬಿಟ್ಟು ಹೊರಟ ಮೇಲೆ ಆ ಇಬ್ಬರೂ ರಂಗದ ಮೇಲೆ ಮತ್ತೆ ಕಾಣುವುದೇ ಇಲ್ಲ. ಸಖಿಯಾದವಳಿಗೆ ತನ್ನದೆಂಬ ಕಥೆ ಇರುವುದಿಲ್ಲ.

ಆಕಾಶದ ಸಖಿಯರಲ್ಲಿ ತನ್ನದೇ ಕಥೆಯನ್ನು ಉಳಿಸಿಹೋದವಳೊಬ್ಬಳಿದ್ದಾಳೆ. ಇಂಗ್ಲೆಂಡಿನ ಬಾರ್ಬರಾ ಜೇನ್ ಹ್ಯಾರಿಸನ್ ೧೯೬೮ರ ಏಪ್ರಿಲ್ ೮ರಂದು, ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಲಂಡನ್ನಿನ ಹೀತ್ರೋ ನಿಲ್ದಾಣದಲ್ಲಿ ಉರಿಯುತ್ತಿದ್ದ ವಿಮಾನದೊಳಗೆ ತೀರಿಕೊಂಡಳು. ಆಕೆಯ ದೇಶದವರಿಗೆ ಆಕೆ ಸುಪರಿಚಿತಳು. ನಮ್ಮಲ್ಲಿ ಆಕೆಯ ಹೆಸರನ್ನು ಕೇಳಿದವರು ಕಡಮೆ. ಕೇಳಿದವರೂ ತ್ಯಾಗಮಯಿಯೆಂಬ ಒಂದೇ ಮಾತಿನಲ್ಲಿ ಅವಳನ್ನು ಮುಗಿಸಿಬಿಡುತ್ತಾರೆ. ನನಗೆ ಆ ಮಾತು ಸಾಲದು.

ಜೇನಳ ಕಥೆಗೆ ಹೋಗುವ ಮುನ್ನ ಈ ವೃತ್ತಿ ಹುಟ್ಟಿದ ಬಗೆಯನ್ನು ತುಸು ನೆನೆಯಬೇಕು. ೧೯೩೦ರ ಮೇ ೧೫ರಂದು ಅಮೆರಿಕದ ಬೋಯಿಂಗ್ ಸಂಸ್ಥೆಯ ವಿಮಾನವೊಂದರಲ್ಲಿ ಎಲೆನ್ ಚರ್ಚ್ ಎಂಬಾಕೆ ಕೆಲಸಕ್ಕೆ ನಿಂತಳು. ಜಗತ್ತಿನ ಮೊದಲ ಗಗನಸಖಿ ಅವಳೇ. ಅವಳು ದಾದಿ. ಅವಳಿಗೆ ವಿಮಾನ ನಡೆಸುವ ಆಸೆಯಿತ್ತು; ಹೆಂಗಸಿಗೆ ಆ ಕೆಲಸವನ್ನು ಕೊಡುವವರಿರಲಿಲ್ಲ. ಹಾರಾಟಕ್ಕೆ ಹೆದರುವ ಜನರ ನಡುವೆ ದಾದಿಯೊಬ್ಬಳು ಓಡಾಡುತ್ತಿದ್ದರೆ ಅವರಿಗೆ ಧೈರ್ಯ ಬಂದೀತೆಂಬ ಯುಕ್ತಿಯಿಂದ ಅವಳು ವಿಮಾನದ ಒಳಹೊಕ್ಕಳು. ಮೊದಲ ತಂಡದ ಎಂಟು ಮಂದಿಯೂ ದಾದಿಯರೇ. ವಾಂತಿ, ತಲೆಸುತ್ತು, ಭಯ ಇವುಗಳಿಗೆ ಉಪಚಾರ ಮಾಡುವುದು ಅವರ ಮುಖ್ಯ ಕೆಲಸವಾಗಿತ್ತು. ಎಂದರೆ ಈ ವೃತ್ತಿಯ ಬೇರು ಅಲಂಕಾರದಲ್ಲಿಲ್ಲ, ಶುಶ್ರೂಷೆಯಲ್ಲಿದೆ. ಕಾಲ ಸರಿದಂತೆ ಬೇರು ಮರೆತುಹೋಯಿತು, ಉಡುಪು ಉಳಿಯಿತು. ನಮ್ಮ ದೇಶದ ಏರ್ ಇಂಡಿಯಾದಲ್ಲಿಯೇ ಗಗನಸಖಿಗೆ ಮೂವತ್ತೈದು ತುಂಬಿದರೆ, ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಅಥವಾ ಮೊದಲ ಸಲ ಗರ್ಭವತಿಯಾದರೆ ಕೆಲಸ ಹೋಗುವ ನಿಯಮವಿತ್ತು. ೧೯೮೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗರ್ಭಕ್ಕೆ ಸಂಬಂಧಿಸಿದ ನಿಯಮವನ್ನು ತಳ್ಳಿಹಾಕಿತು. ಮದುವೆಯ ನಿಯಮವನ್ನು ಆಗ ಉಳಿಸಿತು. ಅನುಭವ ಮಾಗುವ ವಯಸ್ಸಿನಲ್ಲಿ ಮನೆಗೆ ಕಳುಹಿಸುವುದಾದರೆ, ಆ ಹುದ್ದೆಯಲ್ಲಿ ಅನುಭವಕ್ಕೆ ಎಷ್ಟು ಬೆಲೆಯಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಾರ್ಬರಾ ಜೇನ್ ಹ್ಯಾರಿಸನ್ ಹುಟ್ಟಿದ್ದು ೧೯೪೫ರ ಮೇ ೨೪ರಂದು, ಯಾರ್ಕ್‌ಷೈರ್ ಪ್ರಾಂತದ ಬ್ರಾಡ್‌ಫರ್ಡ್ ಎಂಬ ಊರಿನಲ್ಲಿ. ಉಣ್ಣೆಯ ಗಿರಣಿಗಳ ಊರದು. ಯೂರೋಪಿನಲ್ಲಿ ಮಹಾಯುದ್ಧ ಮುಗಿದು ಎರಡೇ ವಾರಗಳಾಗಿದ್ದವು. ಮನೆಯವರು ಅವಳನ್ನು ಜೇನ್ ಎಂದು ಕರೆಯುತ್ತಿದ್ದರು. ಕುಟುಂಬ ಮುಂದೆ ಸ್ಕಾರ್ಬರೋ ಎಂಬ ಕಡಲತೀರದ ಪಟ್ಟಣಕ್ಕೆ ಹೋಯಿತು. ಬಾಲ್ಯದಲ್ಲಿಯೇ ತಾಯಿ ತೀರಿಕೊಂಡಳು. ಇಬ್ಬರು ಹೆಣ್ಣುಮಕ್ಕಳನ್ನು ತಂದೆ ಬೆಳೆಸಿದ. ಓದು ಸ್ಕಾರ್ಬರೋದಲ್ಲಿ, ಅನಂತರ ಡಾಂಕಸ್ಟರ್‌ನಲ್ಲಿ. ಶಾಲೆ ಬಿಟ್ಟ ಮೇಲೆ ಬ್ಯಾಂಕೊಂದರಲ್ಲಿ ಕೆಲಸ. ಅಲ್ಲಿಗೆ ನಿಂತಿದ್ದರೆ ಆ ಕಾಲದ ಇಂಗ್ಲೆಂಡಿನ ಸಾವಿರಾರು ಹುಡುಗಿಯರ ಬದುಕು ಅವಳದೂ ಆಗುತ್ತಿತ್ತು. ಅವಳು ನಿಲ್ಲಲಿಲ್ಲ. ಬ್ಯಾಂಕನ್ನು ಬಿಟ್ಟು ಫ್ರೆಂಚ್ ಕಲಿಯುವ ನೆಪದಿಂದ ಸ್ವಿಟ್ಜರ್ಲೆಂಡಿಗೆ ಹೋದಳು. ಅಲ್ಲಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೋಗಿ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಳು. ೧೯೬೬ರಲ್ಲಿ ಬ್ರಿಟಿಷ್ ಓವರ್‌ಸೀಸ್ ಏರ್‌ವೇಸ್ ಕಾರ್ಪೊರೇಷನ್, ಎಂದರೆ ಬಿ.ಓ.ಎ.ಸಿ., ಅವಳನ್ನು ಸೇರಿಸಿಕೊಂಡಿತು.

ವೀರರ ಜೀವನವನ್ನು ಬರೆಯುವವರು ಅವರ ಬಾಲ್ಯದಲ್ಲಿಯೇ ವೀರತ್ವದ ಮೊಳಕೆಯನ್ನು ಕಾಣುವುದುಂಟು. ಜೇನಳ ಬಾಲ್ಯದಲ್ಲಿ ಅಂಥದೇನೂ ಸಿಕ್ಕುವುದಿಲ್ಲ. ಹುಡುಕಿ ಹಚ್ಚುವ ಅಗತ್ಯವೂ ನನಗೆ ಕಾಣದು. ಊರು ಸಾಲದೆಂದುಕೊಂಡ, ಲೋಕವನ್ನು ನೋಡಬೇಕೆಂದುಕೊಂಡ ಒಬ್ಬ ಚುರುಕು ಹುಡುಗಿ, ಅಷ್ಟೇ. ಅರವತ್ತರ ದಶಕದಲ್ಲಿ ಸಾಧಾರಣ ಮನೆಯ ಹೆಣ್ಣುಮಗಳಿಗೆ ಲೋಕ ನೋಡಲು ಇದ್ದ ದಾರಿಗಳು ಎಷ್ಟು? ಜೆಟ್ ವಿಮಾನ ಅದರಲ್ಲೊಂದು.

ಈ ಕೆಲಸದಲ್ಲಿ ದೇಹಕ್ಕೆ ಬೀಳುವ ಪೆಟ್ಟುಗಳ ವಿಚಾರವನ್ನು ಪ್ರಯಾಣಿಕರು ಯೋಚಿಸುವುದಿಲ್ಲ. ಪ್ರಯಾಣಿಕನು ಪಟ್ಟಿ ಬಿಗಿದು ಕುಳಿತಿರುತ್ತಾನೆ, ಅವಳು ನಿಂತಿರುತ್ತಾಳೆ. ಇಡೀ ವಿಷಯದ ತಿರುಳು ಇಷ್ಟರಲ್ಲೇ ಇದೆ. ಗಾಳಿ ಕದಡಿ ವಿಮಾನ ಒಮ್ಮೆಗೇ ಕುಸಿದರೆ ಕುಳಿತವನ ಹೊಟ್ಟೆ ತೊಳಸುತ್ತದೆ. ನಿಂತವಳ ತಲೆ ಚಾವಣಿಗೆ ಬಡಿಯುತ್ತದೆ, ಮರುಕ್ಷಣ ಕಾಲು ನೆಲಕ್ಕೆ ಅಪ್ಪಳಿಸಿ ಕಣಕಾಲಿನ ಮೂಳೆ ಮುರಿಯುತ್ತದೆ. ಜೊತೆಗೆ ಕುದಿನೀರಿನ ಪಾತ್ರೆ, ಊಟದ ಭಾರವಾದ ತಳ್ಳುಗಾಡಿ. ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ ೨೦೦೯ರಿಂದ ೨೦೧೮ರವರೆಗಿನ ಲೆಕ್ಕವನ್ನು ಪರಿಶೀಲಿಸಿ, ಆ ದೇಶದ ದೊಡ್ಡ ವಿಮಾನ ಸಂಸ್ಥೆಗಳ ಅಪಘಾತಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವು ಗಾಳಿಯ ಕ್ಷೋಭೆಯಿಂದ ಆದವೆಂದು ೨೦೨೧ರಲ್ಲಿ ವರದಿ ಮಾಡಿತು. ಅವುಗಳಲ್ಲಿ ತೀವ್ರವಾಗಿ ಗಾಯಗೊಂಡ ಐವರಲ್ಲಿ ಸುಮಾರು ನಾಲ್ವರು ವಿಮಾನದ ಪರಿಚಾರಕರು. ಪ್ರಯಾಣಿಕರೆಲ್ಲ ಪಟ್ಟಿ ಬಿಗಿದಿದ್ದಾರೆಯೇ ಎಂದು ನೋಡಿ ಬರಲು ಹೋದವಳೇ ಕೊನೆಗೆ ಪಟ್ಟಿಯಿಲ್ಲದೆ ಸಿಕ್ಕಿಬೀಳುತ್ತಾಳೆ. ಜೇನಳಿಗೆ ಒದಗಿದ ವಿಪತ್ತು ಗಾಳಿಯದಲ್ಲ, ಬೆಂಕಿಯದು. ಆದರೂ ಎರಡರಲ್ಲಿಯೂ ಕಾರಣ ಒಂದೇ: ಉಳಿದವರು ತಮ್ಮನ್ನು ಕಾಪಾಡಿಕೊಳ್ಳಬೇಕಾದ ಗಳಿಗೆಯಲ್ಲಿ ನಿಂತಿರಬೇಕಾದುದು ಅವಳ ಕೆಲಸ.

೧೯೬೮ರ ಏಪ್ರಿಲ್ ೮, ಸೋಮವಾರ. ಬಿ.ಓ.ಎ.ಸಿ.ಯ ೭೧೨ನೆಯ ಸಂಖ್ಯೆಯ ವಿಮಾನ ಜೂರಿಕ್ ಮಾರ್ಗವಾಗಿ ಆಸ್ಟ್ರೇಲಿಯದ ಸಿಡ್ನಿಗೆ ಹೊರಡಬೇಕಾಗಿತ್ತು. ಬೋಯಿಂಗ್ ೭೦೭, ನಾಲ್ಕು ಎಂಜಿನುಗಳ ಜೆಟ್. ಒಳಗೆ ೧೧೬ ಮಂದಿ ಪ್ರಯಾಣಿಕರು, ೧೧ ಮಂದಿ ಸಿಬ್ಬಂದಿ. ನಾಯಕ ಕ್ಯಾಪ್ಟನ್ ಟೇಲರ್, ಬಹಳ ಅನುಭವಸ್ಥ. ಅವನ ಕಾರ್ಯವನ್ನು ಪರೀಕ್ಷಿಸಲೆಂದು ಇನ್ನೊಬ್ಬ ಹಿರಿಯ ಕ್ಯಾಪ್ಟನ್ನನೂ ಅಂದು ಮುಂಭಾಗದಲ್ಲಿ ಕುಳಿತಿದ್ದ. ಜೇನಳ ಸ್ಥಾನ ಬಾಲದ ಕಡೆ, ಹಿಂಭಾಗದಲ್ಲಿ.

ಸಂಜೆ ನಾಲ್ಕೂವರೆಯ ಹೊತ್ತಿಗೆ ವಿಮಾನ ನೆಲ ಬಿಟ್ಟಿತು. ಅರ್ಧ ನಿಮಿಷವೂ ಆಗಿರಲಿಲ್ಲ, ಎಡರೆಕ್ಕೆಯ ಒಳಗಣ ಎಂಜಿನಿನಲ್ಲಿ ಭಾರಿ ಸದ್ದಾಯಿತು. ಎಂಜಿನಿನ ಮುಂಭಾಗದಲ್ಲಿ ಗಾಳಿಯನ್ನು ಒತ್ತಿ ಒಳಕ್ಕೆ ನೂಕುವ ಚಕ್ರಗಳಿರುತ್ತವೆ. ಅವುಗಳಲ್ಲಿ ಐದನೆಯದು ಒಡೆದು ಸಿಡಿದಿತ್ತು. ಲೋಹವೂ ದಣಿಯುತ್ತದೆ; ಸಾವಿರಾರು ಸಲ ಎಳೆದು ಬಿಟ್ಟ ತಂತಿ ಒಂದು ದಿನ ತುಂಡಾಗುವ ಹಾಗೆ. ಸಿಡಿದ ಚೂರುಗಳಿಂದ ಎಣ್ಣೆಯ ಕೊಳವೆಗೆ ಪೆಟ್ಟಾಯಿತು, ಬೆಂಕಿ ಹತ್ತಿತು. ಕಿಟಕಿಯ ಪಕ್ಕದಲ್ಲಿದ್ದ ಪ್ರಯಾಣಿಕರಿಗೆ ರೆಕ್ಕೆಯ ಉರಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಎಂಜಿನು ರೆಕ್ಕೆಯಿಂದ ಕಳಚಿ, ಥಾರ್ಪ್ ಎಂಬ ಹಳ್ಳಿಯ ಬಳಿ ಜಲ್ಲಿ ತೆಗೆದು ನೀರು ನಿಂತ ಹಳ್ಳಕ್ಕೆ ಬಿತ್ತು. ನೆಲದ ಮೇಲೆ ಯಾರಿಗೂ ಅಪಾಯವಾಗಲಿಲ್ಲ. ಎಂಜಿನು ಹೋದರೂ ಬೆಂಕಿ ಹೋಗಲಿಲ್ಲ, ರೆಕ್ಕೆಯಲ್ಲಿ ಉಳಿಯಿತು.

ಕ್ಯಾಪ್ಟನ್ ಟೇಲರ್ ಆಮೇಲೆ ಮಾಡಿದ ಕೆಲಸವನ್ನು ಎಷ್ಟು ಹೊಗಳಿದರೂ ಕಡಮೆಯೇ. ಏರಿದ ದಾರಿಗೇ ಸುತ್ತಿ ಬರಲು ವ್ಯವಧಾನವಿರಲಿಲ್ಲ. ಪ್ರಯಾಣಕ್ಕೆಂದು ತುಂಬಿಕೊಂಡ ಎಣ್ಣೆಯ ಭಾರ ಹೊಟ್ಟೆಯಲ್ಲಿ, ರೆಕ್ಕೆಯಲ್ಲಿ ಉರಿ. ಸಮೀಪದ ಅಡ್ಡ ಓಡುದಾರಿಯೊಂದಕ್ಕೆ ವಿಮಾನವನ್ನು ತಿರುಗಿಸಿ, ನೆಲ ಬಿಟ್ಟ ಸುಮಾರು ಮೂರೂವರೆ ನಿಮಿಷದೊಳಗೆ ಅದನ್ನು ಇಳಿಸಿ ನಿಲ್ಲಿಸಿದ. ವಿಮಾನ ನಿಂತೊಡನೆ ಅದನ್ನು ಹಿಂದಕ್ಕೆ ಎಳೆದೊಯ್ಯುತ್ತಿದ್ದ ಗಾಳಿಯ ಬಲ ನಿಂತಿತು. ಅದುವರೆಗೆ ಹಿಂದಕ್ಕೆ ಚಾಚಿದ್ದ ಜ್ವಾಲೆ ಈಗ ದೇಹದ ಎಡಮಗ್ಗುಲನ್ನು ತಬ್ಬಿಕೊಂಡಿತು. ರೆಕ್ಕೆಯ ಎಣ್ಣೆಯ ತೊಟ್ಟಿಗಳು ಸಿಡಿದವು. ಮುಂಭಾಗದಲ್ಲಿದ್ದವರು ಮುಂದಿನ ಬಾಗಿಲುಗಳಿಂದಲೂ ಬಲರೆಕ್ಕೆಯ ಮೇಲಿನ ಕಿಂಡಿಗಳಿಂದಲೂ ಹೊರಬೀಳತೊಡಗಿದರು.

ಹಿಂಭಾಗದ ಕಥೆ ಬೇರೆ. ಅಲ್ಲಿನ ಬಾಗಿಲನ್ನು ತೆರೆದು, ಗಾಳಿ ತುಂಬಿ ಹಿಗ್ಗುವ ಜಾರುಬಂಡೆಯನ್ನು ಕೆಳಗಿಳಿಸಿ, ಜನರನ್ನು ಸಾಲಾಗಿ ಇಳಿಸುವುದು ಇಬ್ಬರ ಕೆಲಸವೆಂದು ನಿಯಮ: ಒಬ್ಬ ಸ್ಟುವರ್ಡ್, ಜೊತೆಗೆ ಜೇನ್. ಅಡಿಗೆಕೋಣೆಯ ಪಕ್ಕದ ಬಾಗಿಲು ತೆರೆಯಿತು, ಜಾರುಬಂಡೆ ಹಿಗ್ಗಿತು, ಇಳಿಯುವಾಗ ತಿರುಚಿಕೊಂಡಿತು. ಹಾಗೆಯೇ ಬಿಟ್ಟರೆ ಅದು ಕೆಲಸಕ್ಕೆ ಬಾರದು. ಸ್ಟುವರ್ಡ್ ಅದನ್ನು ಹಿಡಿದು ಕೆಳಕ್ಕಿಳಿದು ನೆಟ್ಟಗೆ ಮಾಡಿದ. ಮೇಲೆ ಬರಲು ಆತನಿಗೆ ದಾರಿಯಿರಲಿಲ್ಲ. ಜಾರುಬಂಡೆಯಲ್ಲಿ ಇಳಿಯಬಹುದೇ ಹೊರತು ಏರಲಾಗದು. ಆತ ಮಾಡಿದ್ದು ತಪ್ಪಲ್ಲ, ಆಗ ಮಾಡಲೇಬೇಕಾಗಿದ್ದ ಕೆಲಸ. ಫಲವೇನೆಂದರೆ ಇಬ್ಬರ ಕೆಲಸ ಒಬ್ಬಳ ಮೇಲೆ ಬಿತ್ತು. ಆ ಒಬ್ಬಳು ಎರಡು ವರ್ಷದ ಅನುಭವವಿದ್ದ ಇಪ್ಪತ್ತೆರಡರ ತರುಣಿ.

ಅವಳು ಬಾಗಿಲ ಬಳಿ ನಿಂತಳು. ಜನರನ್ನು ಕರೆದು ಬಾಗಿಲಿಗೆ ತಂದಳು. ಕೆಲವರು ತಾವಾಗಿ ಇಳಿದರು. ಕೆಲವರು ಅಂಚಿಗೆ ಬಂದು ಹೆದರಿ ನಿಂತರು, ಅವರನ್ನು ನೂಕಿದಳು. ಈ ನೂಕುವಿಕೆ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದಿದೆ. ಇಂಪಾದ ದನಿಯಲ್ಲಿ ಮಾತನಾಡಿ, ತಟ್ಟೆ ಹಿಡಿದು, ನಗುಮುಖದಿಂದ ಇರಬೇಕೆಂದು ಕಲಿತವಳು, ತಂದೆಯ ವಯಸ್ಸಿನವರನ್ನೂ ತಾಯಿಯ ವಯಸ್ಸಿನವರನ್ನೂ ಬೆನ್ನಿಗೆ ಕೈಕೊಟ್ಟು ಹೊರಕ್ಕೆ ತಳ್ಳುತ್ತಿದ್ದಾಳೆ. ಸಖಿಯೆಂಬ ಪದದಲ್ಲಿ ಈ ಕೈಗೆ ಜಾಗವಿಲ್ಲ. ಈಗ ಹೊಸ ಮಾದರಿಯ ದೊಡ್ಡ ವಿಮಾನವೊಂದು ಸೇವೆಗೆ ಬರಬೇಕಾದರೆ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ ತುಂಬಿದ ವಿಮಾನವನ್ನು ತೊಂಬತ್ತು ಸೆಕೆಂಡುಗಳೊಳಗೆ ಬರಿದು ಮಾಡಬಹುದೆಂದು ತೋರಿಸಿಕೊಡಬೇಕು. ಆ ಲೆಕ್ಕದಲ್ಲಿ ಹೆದರಿ ನಿಂತವನಿಗೆ ಸಮಾಧಾನ ಹೇಳುವ ಅವಕಾಶವಿಲ್ಲ. ನೂಕಬೇಕು.

ಬೆಂಕಿ ಹತ್ತಿರವಾಗುತ್ತ ಬಂತು. ನೆಟ್ಟಗೆ ಮಾಡಿದ್ದ ಜಾರುಬಂಡೆಯೂ ಉರಿಗೆ ಸಿಕ್ಕಿ ಹಾಳಾಯಿತು. ಆಮೇಲೂ ಕೆಲವರು ಬರಿಯ ಬಾಗಿಲಿನಿಂದ, ಒಂದು ಮಹಡಿಯಷ್ಟು ಎತ್ತರದಿಂದ, ಅವಳ ಮಾತಿನಂತೆ ನೆಲಕ್ಕೆ ಜಿಗಿದರು. ಹಿಂಬದಿಯಿಂದ ಇಳಿಯುವುದು ಅಸಾಧ್ಯವಾದಾಗ ಉಳಿದವರನ್ನು ಬೇರೆ ದಾರಿಯ ಕಡೆಗೆ ಕಳುಹಿಸಿದಳು. ತಾನು ಮಾತ್ರ ಅಲ್ಲಿಯೇ ನಿಂತಳು. ಹೊರಗಿನಿಂದ ನೋಡಿದವರು ಹೇಳಿದಂತೆ, ಒಂದು ಗಳಿಗೆ ಅವಳು ಬಾಗಿಲಿನಲ್ಲಿ ಜಿಗಿಯಲು ಸಿದ್ಧಳಾದವಳಂತೆ ಕಂಡಳು. ಮತ್ತೆ ಒಳಕ್ಕೆ ತಿರುಗಿದಳು. ಇನ್ನೊಂದು ಸಿಡಿತವಾಯಿತು. ಅನಂತರ ಯಾರೂ ಅವಳನ್ನು ಜೀವಂತವಾಗಿ ನೋಡಲಿಲ್ಲ. ಕಡೆಯ ಸಾಲುಗಳಲ್ಲೊಂದರಲ್ಲಿ ನಡೆಯಲಾರದ ವೃದ್ಧೆಯೊಬ್ಬಳಿದ್ದಳು. ಅವಳ ದೇಹದ ಹತ್ತಿರವೇ ಜೇನಳ ದೇಹ ಸಿಕ್ಕಿತು. ಸತ್ತವರು ಒಟ್ಟು ಐವರು, ಜೇನ್ ಮತ್ತು ನಾಲ್ವರು ಪ್ರಯಾಣಿಕರು. ಎಲ್ಲರೂ ಬೆಂಕಿಯ ಹೊಗೆಯಿಂದ ಉಸಿರುಕಟ್ಟಿ ಸತ್ತಿದ್ದರು. ಉಳಿದ ೧೨೨ ಮಂದಿ ಬದುಕಿದರು. ಅವರಲ್ಲಿ ೩೮ ಮಂದಿಗೆ ಗಾಯಗಳಾಗಿದ್ದವು.

ಆ ಒಂದು ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಊಹಿಸಿ ಬರೆಯುವ ಲೇಖಕರಿದ್ದಾರೆ. ನಾನು ಆ ಕೆಲಸಕ್ಕೆ ಕೈಹಾಕಲಾರೆ. ಒಂದು ಮಾತನ್ನು ಮಾತ್ರ ಹೇಳಬಲ್ಲೆ. ಸಾಯಬೇಕೆಂದು ಅವಳು ಒಳಕ್ಕೆ ತಿರುಗಲಿಲ್ಲ. ಒಳಗೆ ಇನ್ನೂ ಜನರಿದ್ದರು, ಅದಕ್ಕಾಗಿ ತಿರುಗಿದಳು. ತ್ಯಾಗವೆಂಬ ಪದ ಸಾಲದೆಂದು ನಾನು ಹೇಳಿದ್ದು ಈ ಕಾರಣದಿಂದ. ತ್ಯಾಗವೆಂದೊಡನೆ ನಮ್ಮ ಕಣ್ಣು ಬಿಡುವವರ ಮೇಲೆಯೇ ನಿಲ್ಲುತ್ತದೆ. ಅವರು ಮಾಡುತ್ತಿದ್ದ ಕೆಲಸದ ಮೇಲೆ ನಿಲ್ಲುವುದಿಲ್ಲ. ಅವಳು ಮಾಡುತ್ತಿದ್ದುದು ಕೆಲಸ, ಕಲಿತ ಕೆಲಸ. ಅದನ್ನು ಎಲ್ಲಿ ನಿಲ್ಲಿಸಬಹುದೆಂದು ಯಾವ ನಿಯಮವೂ ಅವಳಿಗೆ ಹೇಳಿರಲಿಲ್ಲ.

೧೯೬೯ರ ಆಗಸ್ಟಿನಲ್ಲಿ ಬ್ರಿಟನ್ ಸರ್ಕಾರ ಅವಳಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕವನ್ನು ಘೋಷಿಸಿತು. ರಣರಂಗದಲ್ಲಿ ವೈರಿಗೆ ಎದುರಾಗಿ ತೋರಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಹೇಗೋ, ಅದರ ಹೊರಗಿನ ಶೌರ್ಯಕ್ಕೆ ಇದು ಹಾಗೆ, ೧೯೪೦ರಲ್ಲಿ ಸ್ಥಾಪನೆಯಾದುದು. ಹಳೆಯ ಪದಕಗಳನ್ನು ಬದಲಿಸಿ ಇದನ್ನು ಪಡೆದವರನ್ನು ಬಿಟ್ಟರೆ, ನೇರವಾಗಿ ಇದನ್ನು ಪಡೆದ ಮಹಿಳೆಯರು ನಾಲ್ವರೇ. ಮೊದಲ ಮೂವರು ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ವಶದಲ್ಲಿದ್ದ ಫ್ರಾನ್ಸಿಗೆ ಗುಪ್ತವಾಗಿ ಹೋದವರು. ಅವರಲ್ಲೊಬ್ಬಳಾದ ನೂರ್ ಇನಾಯತ್ ಖಾನಳ ಹೆಸರಿಗೆ ಕನ್ನಡಿಗನ ಕಿವಿ ನಿಮಿರಬೇಕು. ತಂದೆಯ ಕಡೆಯಿಂದ ಅವಳು ಮೈಸೂರಿನ ಟೀಪು ಸುಲ್ತಾನನ ವಂಶದವಳು. ಆ ಸಾಲಿನಲ್ಲಿ ಶಾಂತಿಕಾಲದ ಕೃತ್ಯಕ್ಕಾಗಿ ನಿಂತವಳು ಜೇನ್ ಒಬ್ಬಳೇ. ನಮ್ಮ ದೇಶದಲ್ಲಿಯೂ ಇದಕ್ಕೆ ಸಾಟಿಯಾದ ಗೌರವ ಗಗನಸಖಿಯೊಬ್ಬಳಿಗೆ ಸಂದಿದೆ. ೧೯೮೬ರ ಸೆಪ್ಟೆಂಬರ್ ೫ರಂದು ಕರಾಚಿ ನಿಲ್ದಾಣದಲ್ಲಿ ಅಪಹರಣಕಾರರ ಗುಂಡಿಗೆ ಬಲಿಯಾದ ನೀರಜಾ ಭಾನೋತಳಿಗೆ ಅಶೋಕ ಚಕ್ರ ದೊರೆಯಿತು. ಅವಳೂ ಬಾಗಿಲು ತೆರೆದು ಪ್ರಯಾಣಿಕರನ್ನು ಹೊರಗೆ ಕಳುಹಿಸುತ್ತಿದ್ದಳು.

ಪದಕದ ಘೋಷಣೆಯನ್ನು ಓದಿದವರು ಅಪಘಾತದ ತನಿಖೆಯ ವರದಿಯನ್ನೂ ಓದಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಈ ಜೀವನ ಅರ್ಧವೇ ತಿಳಿಯುತ್ತದೆ. ಚಕ್ರ ಒಡೆದದ್ದು ಲೋಹದ ದಣಿವಿನಿಂದ. ಆದರೆ ಬೆಂಕಿ ಅಷ್ಟು ಬಲಿತದ್ದಕ್ಕೆ ಬೇರೆಯದೇ ಕಾರಣವಿತ್ತೆಂದು ತನಿಖೆ ಕಂಡುಕೊಂಡಿತು. ಉರಿಯುತ್ತಿದ್ದ ಎಂಜಿನಿಗೆ ಎಣ್ಣೆ ಹೋಗುವ ದಾರಿಯನ್ನು ಮುಚ್ಚಿರಲಿಲ್ಲ. ಎಂಜಿನು ಕಳಚಿ ಬಿದ್ದ ಮೇಲೂ ಎಣ್ಣೆ ಹರಿಯುತ್ತಲೇ ಇತ್ತು, ನೇರವಾಗಿ ಜ್ವಾಲೆಯೊಳಕ್ಕೆ.

ವಿಮಾನ ನಡೆಸುವವರಿಗೆ ಆಗ ಎರಡು ಕ್ರಮಗಳನ್ನು ಕಲಿಸುತ್ತಿದ್ದರು. ಎಂಜಿನು ಕೆಟ್ಟರೆ ಒಂದು ಕ್ರಮ. ಎಂಜಿನಿಗೆ ಬೆಂಕಿ ಬಿದ್ದರೆ ಇನ್ನೊಂದು. ಅಂದು ಮೊದಲು ಕಂಡದ್ದು ಕೆಟ್ಟ ಎಂಜಿನು. ಆ ಕ್ರಮವನ್ನು ಆರಂಭಿಸಿದರು. ಕ್ಷಣಗಳಲ್ಲಿ ಬೆಂಕಿ ಕಂಡಿತು; ಅದನ್ನು ಬಿಟ್ಟು ಎರಡನೆಯದಕ್ಕೆ ಹಾರಿದರು. ಆ ನೆಗೆತದಲ್ಲಿ ಒಂದು ಹಿಡಿಯನ್ನು ಎಳೆಯುವುದು ತಪ್ಪಿಹೋಯಿತು. ಎಚ್ಚರಿಕೆಯ ಗಂಟೆಗಳು ಮೊಳಗುತ್ತಿದ್ದ ಆ ಇಕ್ಕಟ್ಟಾದ ಕೋಣೆಯಲ್ಲಿ, ಮೂರೂವರೆ ನಿಮಿಷದಲ್ಲಿ ೧೨೭ ಜನರನ್ನು ನೆಲಕ್ಕೆ ತಂದವರನ್ನು ಕುರ್ಚಿಯಲ್ಲಿ ಕುಳಿತು ದೂಷಿಸುವ ಅಧಿಕಾರ ನನಗಿಲ್ಲ. ಆದರೆ ಮರೆತ ಒಂದು ಹಿಡಿಗೂ, ಹಿಂಭಾಗದ ಬಾಗಿಲಲ್ಲಿ ನಿಂತ ಹುಡುಗಿಗೂ ನಡುವೆ ಇದ್ದ ಸಂಬಂಧವನ್ನು ಪದಕದ ಘೋಷಣೆ ಹೇಳುವುದಿಲ್ಲ, ವರದಿ ಹೇಳುತ್ತದೆ. ಅವಳ ಎದುರಿಗೆ ಬಂದ ಬೆಂಕಿ ವಿಧಿಯದಷ್ಟೇ ಅಲ್ಲ. ಅದಕ್ಕೆ ಉಣಿಸುತ್ತಿದ್ದ ಕೊಳವೆಯೊಂದಿತ್ತು. ಅದನ್ನು ಮುಚ್ಚಲು ಸಾಧ್ಯವಿತ್ತು. ವೀರತ್ವವನ್ನು ಹಾಡಿ ಹೊಗಳುವಾಗ ನಾವು ಇಂಥ ಕೊಳವೆಗಳನ್ನು ಕಾಣದೆ ಹೋಗುತ್ತೇವೆ. ಕಂಡರೆ ಹಾಡಿನ ಸೊಗಸು ಕೆಡುತ್ತದೆಂಬ ಭಯವೇನೋ.

ಬಾರ್ಬರಾ ಜೇನ್ ಹ್ಯಾರಿಸನ್‌ಳನ್ನು ಯಾರ್ಕ್ ನಗರದ ಫುಲ್ಫರ್ಡ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಬಿ.ಓ.ಎ.ಸಿ. ತನ್ನ ಚಾಲಕರ ಕೈಪಿಡಿಯನ್ನು ತಿದ್ದಿತು. ಎಂಜಿನು ತೀವ್ರವಾಗಿ ಕೆಟ್ಟರೂ ಸರಿ, ಬೆಂಕಿ ಬಿದ್ದರೂ ಸರಿ, ಅನುಸರಿಸಬೇಕಾದ ಕ್ರಮ ಇನ್ನು ಮುಂದೆ ಎರಡಲ್ಲ, ಒಂದೇ ಎಂದು ನಿಗದಿಯಾಯಿತು.